ಮನೆಗೊಂದು ಇಟ್ಟಿಗೆ

ಆ ಊರಿಗೆ ಹೆಸರಿಲ್ಲ. ಅಲ್ಲಿಯವರು ಯಾರೂ ಊರು ಬಿಟ್ಟು ಹೋದವರಲ್ಲ, ಹಾಗಾಗಿ ನಿಮ್ಮದು ಯಾವೂರು ಎಂದು ಅವರನ್ನು ಯಾರೂ ಕೇಳಿಲ್ಲ. ಕೆಂಪು ಮಣ್ಣಿನ ಊರು. ಮನೆಗಳು ಇಟ್ಟಿಗೆಯವು, ಜಗಲಿಗಳು ಇಟ್ಟಿಗೆಯವು, ಬಾವಿಯ ಕಟ್ಟೆ ಇಟ್ಟಿಗೆಯದು, ಊರ ಸುತ್ತಲಿನ ದಪ್ಪ ಗೋಡೆಯೂ ಇಟ್ಟಿಗೆಯದೇ. ಜನ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಒಬ್ಬರ ಮನೆಯಲ್ಲಿ ಒಲೆ ಹೊತ್ತದಿದ್ದರೆ ಪಕ್ಕದ ಮನೆಯವರು ಸಾರು ತಂದು ಕೊಡುತ್ತಾರೆ. ಬಾಣಂತಿಗೆ ಎಣ್ಣೆ ನೀರು ಹಾಕಲು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಸತ್ತವರ ಮನೆಯಲ್ಲಿ ಊರೆಲ್ಲ ಅಳುತ್ತದೆ.

ಪ್ರತಿ ಮನೆಯ ಹೊಸ್ತಿಲ ಪಕ್ಕ ಒಂದು ಇಟ್ಟಿಗೆ ಇರುತ್ತದೆ. ಹಸಿಯಿದ್ದಾಗಲೇ ಮನೆಯ ಹಿರಿಯರು ಅದರ ಮೇಲೆ ಹೆಬ್ಬೆಟ್ಟು ಒತ್ತಿರುತ್ತಾರೆ, ಯಾವುದು ಯಾರ ಮನೆಯದೆಂದು ಗೊತ್ತಾಗಲಿ ಎಂದು. ಊರಂಚಿನಲ್ಲಿ ಮೂರು ಗೋಡೆಗಳು ನಿಂತಿರುತ್ತವೆ. ಮೇಲೆ ಕಲ್ಲು ಚಪ್ಪಡಿ, ಎದುರಿಗೆ ಬಯಲು. ತಪ್ಪು ಮಾಡಿದವರನ್ನು ಆ ಮೂರು ಗೋಡೆಗಳ ನಡುವೆ ಕೂರಿಸುತ್ತಾರೆ. ನಾಲ್ಕನೆಯದನ್ನು ಊರು ಕಟ್ಟುತ್ತದೆ. ಮನೆಗೊಂದು ಇಟ್ಟಿಗೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಸ ಸಂಸಾರವೊಂದು ಬೇರೆ ಒಲೆ ಹೂಡಿದರೆ ಮುಂದಿನ ಸಲದ ಕೋಣೆಯನ್ನು ಅಷ್ಟು ಅಗಲ ಮಾಡುತ್ತಾರೆ. ಕಟ್ಟಿ ಮುಗಿದ ಕೋಣೆ ಅಲ್ಲೇ ನಿಲ್ಲುತ್ತದೆ, ಅದರ ಪಕ್ಕಕ್ಕೆ ಹೊಸ ಮೂರು ಗೋಡೆಗಳು ಏಳುತ್ತವೆ. ಊರ ಸುತ್ತ ದಪ್ಪ ಗೋಡೆ ಎಂದೆನಲ್ಲ, ಅದು ಹೀಗೆ ಬೆಳೆದದ್ದು. ಅದರ ಬುಡದಲ್ಲಿ ಮಕ್ಕಳು ಗೋಲಿ ಆಡುತ್ತಾರೆ. ಈ ಗೋಡೆ ಇರುವುದರಿಂದ ನಾವು ಕ್ಷೇಮವಾಗಿದ್ದೇವೆ ಎನ್ನುತ್ತಾರೆ ಹಿರಿಯರು.

ಇಟ್ಟಿಗೆ ಇಡಲು ಯಾರಾದರೂ ಹೇಳಬೇಕು. ಹಾಗೆ ಹೇಳುವವರನ್ನು ಹೇಳುವವರು ಎಂದೇ ಕರೆಯುತ್ತಾರೆ. ಯಾರೋ ಆಜಾನುಬಾಹು, ಮೀಸೆ ತಿರುವುತ್ತಾ ಕೂತಿರುತ್ತಾನೆ ಎಂದುಕೊಳ್ಳಬೇಡಿ. ಸಣಕಲು ಮುದುಕ. ಮಾತಿಗೊಮ್ಮೆ ಕೆಮ್ಮುತ್ತಾರೆ. ಕೈಯಲ್ಲಿ ಕೋಲಿಲ್ಲ, ಹಿಂದೆ ಮುಂದೆ ಆಳುಗಳಿಲ್ಲ. ಅವರ ಗುರುತು ಒಂದು ಬಿಳಿ ಪಂಚೆ, ಮತ್ತೆ ಎರಡು ಶುಭ್ರವಾದ ಕೈ. ಹೇಳುವವರು ಇಟ್ಟಿಗೆ ಮುಟ್ಟುವಂತಿಲ್ಲ, ಕಲಸಿದ ಮಣ್ಣು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಕ್ಷಣದಿಂದ ಅವರು ಹೇಳುವವರಲ್ಲ, ಮೂರು ಗೋಡೆಯ ನಡುವೆ ಕೂರುವವರು. ಅಂಥದ್ದು ಯಾವತ್ತೂ ಆಗಿರಲಿಲ್ಲ.

ಗೋಡೆ ಕಟ್ಟುವ ದಿನ ಬೆಳಿಗ್ಗೆ ಅವರು ತಾಮ್ರದ ಬೋಗುಣಿಯಲ್ಲಿ ಕೈ ತೊಳೆಯುತ್ತಾರೆ. ತೊಳೆದ ಕೈಗಳನ್ನು ಎತ್ತಿ ಎಲ್ಲರಿಗೂ ತೋರಿಸಿ, "ಹೊಣೆ ನನ್ನದು" ಎನ್ನುತ್ತಾರೆ. ಊರೆಲ್ಲ ಒಟ್ಟಿಗೆ ಉಸಿರು ಬಿಡುತ್ತದೆ. ಆಮೇಲೆ ಅವರು ಆಡುವುದು ಒಂದೇ ಮಾತು, "ಮುಂದೆ." ಒಬ್ಬರು ಹೋಗಿ ಇಡುತ್ತಾರೆ. "ಮುಂದೆ." ಇನ್ನೊಬ್ಬರು ಇಡುತ್ತಾರೆ. ಜನ ಹೆದರಿ ಇಡುತ್ತಾರೆ ಎಂದು ನೀವು ಎಣಿಸಿದ್ದರೆ ಅದು ತಪ್ಪು. ಹೆದರಿಕೆಯಾದರೂ ಒಂದು ಮರ್ಯಾದೆಯ ಕಾರಣ. ಇವರಿಗೆ ಹೆದರಿಕೆಯೇ ಇರಲಿಲ್ಲ. ಬಿಸಿಲಲ್ಲಿ ನಡೆದು ಬಂದವನಿಗೆ ಮಜ್ಜಿಗೆ ಸಿಕ್ಕ ಹಾಗೆ ಆ ಮಾತು ಅವರ ಹೊಟ್ಟೆಯನ್ನು ತಂಪು ಮಾಡುತ್ತಿತ್ತು. ಹೊಣೆ ಅವರದು, ನಮ್ಮದು ಬರೀ ಇಟ್ಟಿಗೆ.

ಇಂಥ ಊರಿನಲ್ಲಿ ಒಬ್ಬ ತಮ್ಮ ಒಂದು ತಪ್ಪು ಮಾಡಿದ.

ಹಿಂದಿನ ಸಲ ಒಳಗೆ ಕೂತವಳು ಮಡಕೆ ಮಾರುವವಳು. ಅವಳ ತಪ್ಪೇನೆಂದು ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಅವತ್ತು ಸಾಲಿನಲ್ಲಿ ನಿಂತಿದ್ದ ತಮ್ಮನಿಗೆ ಬಾಯಾರಿಕೆಯಾಯಿತು. ಇಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಾವಿಗೆ ಹೋದ. ಬರುವಷ್ಟರಲ್ಲಿ ಅವನ ಸರದಿ ದಾಟಿತ್ತು. ಒಂದು ಮನೆಯ ಜಾಗದಲ್ಲಿ ಇನ್ನೊಂದು ಮನೆಯವರು ಇಡುವಂತಿಲ್ಲ, ಹಾಗಾಗಿ ಉಳಿದವರು ಅವನ ಜಾಗವನ್ನು ಬಿಟ್ಟು ಕಟ್ಟಿದರು. ಗೋಡೆ ಮುಗಿದಾಗ ಒಂದು ಇಟ್ಟಿಗೆಯಷ್ಟು ಕಿಂಡಿ ಉಳಿಯಿತು. ಆ ಕಿಂಡಿಯಿಂದ ದನಿ ಬಂತು.

ಮಡಕೆಯವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಗೋಡೆಯ ಮುಂದೆ ಹಾದುಹೋಗುವವರನ್ನು ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು ಮಾತಾಡಿಸಿದಳು. ಊಟ ಆಯ್ತಾ ಎಂದಳು. ಕರು ಈಗ ಮೇವು ಮುಟ್ತಾ ಎಂದಳು. ನಿಮ್ಮ ಸೊಸೆಗೆ ತಿಂಗಳು ತುಂಬ್ತಲ್ಲ, ಹೇಗಿದ್ದಾಳೆ ಎಂದಳು. ಊರಿಗೆ ಅನ್ನ ಸೇರಲಿಲ್ಲ. ಮಾರನೆಯ ದಿನ ಹೇಳುವವರು ತಮ್ಮನನ್ನು ಕರೆಸಿ, "ಮುಂದೆ" ಎಂದರು. ಅವನು ಹೋಗಿ ಕಿಂಡಿಗೆ ತನ್ನ ಮನೆಯ ಇಟ್ಟಿಗೆ ಇಟ್ಟು ಬಂದ. ದನಿ ನಿಂತಿತು. ಆದರೂ ಸಾಲು ಬಿಟ್ಟವನು ಸಾಲು ಬಿಟ್ಟವನೇ. ಹೊಸ ಮೂರು ಗೋಡೆಗಳು ಅವನ ಪಾಲಿಗೆ ಬಂದವು.

ತಮ್ಮನಿಗೆ ಇದ್ದವಳು ಅಕ್ಕ ಒಬ್ಬಳೇ. ತಾಯಿ ತಂದೆ ಹೋದ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು. ಇಬ್ಬರೂ ಮಣ್ಣು ತುಳಿದು ಇಟ್ಟಿಗೆ ಕೊಯ್ದು ಬದುಕುತ್ತಿದ್ದರು. ಅವನನ್ನು ಕೂರಿಸುವ ಹಿಂದಿನ ದಿನ ಅವಳು ತಮ್ಮನ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದಳು.

"ನಿಜ ಹೇಳು. ಅವಳ ಮೇಲೆ ಕನಿಕರ ಬಂದು ಸಾಲು ಬಿಟ್ಟೆ, ಅಲ್ವಾ?"

"ಇಲ್ಲಕ್ಕ. ಗಂಟಲು ಒಣಗಿತ್ತು."

"ಒಂಚೂರಾದ್ರೂ ಕನಿಕರ ಬರಲಿಲ್ವಾ?"

"ನೀರು ಕುಡಿದು ಓಡ್ಕೊಂಡೇ ಬಂದೆ. ಹಗ್ಗ ರಾಟೇಲಿ ಸಿಕ್ಕಾಕ್ಕೊಂಡಿತ್ತು, ಅದಕ್ಕೇ ತಡ ಆಗಿದ್ದು. ಇಲ್ದಿದ್ರೆ ಸರಿಯಾಗಿ ಬಂದಿರ್ತಿದ್ದೆ."

ಅಕ್ಕನ ಕೈ ಅವನ ನೆತ್ತಿಯ ಮೇಲೆ ನಿಂತಿತು. ಕನಿಕರ ಎಂದಿದ್ದರೆ ಅವಳು ಅವನಿಗಾಗಿ ಹೆಮ್ಮೆಪಡಬಹುದಿತ್ತು. ಈಗ ಬರೀ ಸಂಕಟ.

"ಏಳು, ಹೋಗ್ಬಿಡೋಣ" ಎಂದಳು.

"ಎಲ್ಲಿಗೆ?"

"ಗೋಡೆ ಆಚೆ. ಎಲ್ಲಿಗಾದ್ರೂ."

"ಬೆಳಿಗ್ಗೆ ಬಂದು ಕೂತ್ಕೋ ಅಂತ ಹೇಳಿದಾರಲ್ಲಕ್ಕ" ಎಂದ ತಮ್ಮ. ಅವನ ಮುಖದಲ್ಲಿ ಹಟವಿರಲಿಲ್ಲ, ಭಯವೂ ಅಷ್ಟಿರಲಿಲ್ಲ. ಹೇಳಿದ್ದಾರೆ ಎಂಬ ಮಾತಿನ ಆಚೆಗೆ ಏನಿದೆ ಎಂದು ಅವನು ನೋಡಿರಲೇ ಇಲ್ಲ.

ಅಕ್ಕ ಎಣ್ಣೆ ಕೈಯಲ್ಲೇ ಹೊರಗೆ ಬಂದಳು. ಮೊದಲು ಹೋದದ್ದು ಮೊದಲ ಮನೆಗೆ. ಸಾಲು ಶುರುವಾಗುವುದು ಆ ಮನೆಯಿಂದ. ಮೊದಲ ಮನೆಯವನು ಎಮ್ಮೆಗೆ ಕಲಗಚ್ಚು ಇಡುತ್ತಿದ್ದ.

"ನೀವೊಬ್ಬರು ಇಡಲ್ಲ ಅನ್ನಿ ಅಣ್ಣ. ನೀವೇ ಇಡದಿದ್ರೆ ಮಿಕ್ಕವರು ಎಲ್ಲಿಂದ ಶುರು ಮಾಡ್ತಾರೆ?"

ಅವನು ನೊಂದುಕೊಂಡ. "ನಂದು ಬುಡದಲ್ಲಿರೋ ಇಟ್ಟಿಗೆ ಕಣಮ್ಮ. ಕಾಲ ಹತ್ರ. ಕಾಲ ಹತ್ರ ಒಂದು ಇಟ್ಟಿಗೆ ಇಟ್ರೆ ಯಾರಾದ್ರೂ ಸಾಯ್ತಾರಾ? ದಾಟ್ಕೊಂಡು ಬರಬಹುದು. ಹೋಗಿ ಮೇಲಿನವರನ್ನ ಕೇಳು."

ನಡುಬೀದಿಯ ವಿಧವೆ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಅವಳದು ಎದೆಮಟ್ಟದ ಇಟ್ಟಿಗೆ. "ಎದೆಮಟ್ಟ ಅಂದ್ರೆ ಏನೂ ಅಲ್ಲ ಕಣೇ. ಗಾಳಿ ಆಡ್ತಿರುತ್ತೆ, ಮುಖ ಕಾಣ್ತಿರುತ್ತೆ. ನಾನು ಇಡೋವಾಗ ಅವನ ಹತ್ರ ಒಂದು ಒಳ್ಳೆ ಮಾತಾಡಿಯೇ ಇಡ್ತೀನಿ" ಎಂದು ಆಣೆ ಮಾಡಿದಳು. ಕೊನೆಯ ಮನೆಯವನು ಬಾಗಿಲನ್ನು ಅರ್ಧ ತೆರೆದು, "ನನ್ನ ಸರದಿ ಬರೋ ಹೊತ್ತಿಗೆ ಎಲ್ಲ ಮುಗಿದಿರುತ್ತಲ್ಲ ತಾಯಿ, ನನ್ನದೇನಿದೆ" ಎಂದ. ಬುಡದವನು ಶುರುವಿನಲ್ಲಿ ಏನೂ ಆಗುವುದಿಲ್ಲ ಎಂದ, ತುದಿಯವನು ಎಲ್ಲ ಆಗಿಹೋಗಿರುತ್ತದೆ ಎಂದ, ನಡುವಿನವಳು ಅತ್ತಳು. ಹಾಗಾದರೆ ಇಷ್ಟು ಕೋಣೆಗಳಲ್ಲಿ ಇರುವವರನ್ನು ಕೊಂದವರು ಯಾರು ಎಂದು ಅಕ್ಕನಿಗೆ ತಲೆ ಕೆಟ್ಟುಹೋಯಿತು.

ಕೊನೆಗೆ ಅವಳು ಹೇಳುವವರ ಮನೆಗೆ ಹೋದಳು. ಅವರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು.

"ಬಾ ತಾಯಿ, ಕೂತ್ಕೋ" ಎಂದು ಜಾಗ ಬಿಟ್ಟುಕೊಟ್ಟರು. "ನಿನ್ನ ಸಂಕಟ ನನಗೆ ಗೊತ್ತಿಲ್ದೇ ಇಲ್ಲ."

"ನಾಳೆ ನೀವು ಹೇಳಬೇಡಿ ದೊಡ್ಡೋರೇ. ಸುಮ್ಮನೆ ಕೂತ್ಬಿಡಿ. ಅಷ್ಟೇ ಸಾಕು."

ಮುದುಕರು ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ನಟನೆಯಲ್ಲ. "ನಾನು ಹೇಳದಿದ್ರೆ ಬೇರೆ ಯಾರು ಹೇಳ್ತಾರೆ?" ಎಂದರು.

"ಯಾರೂ ಹೇಳದಿದ್ರೆ ಆಯ್ತು."

"ಯಾರೂ ಹೇಳದೆ ಹೇಗಮ್ಮ ಇರೋದು?" ಅವರ ದನಿಯಲ್ಲಿ ಮಗುವಿನ ಗಾಬರಿ ಇತ್ತು. "ನನಗೂ ಒಬ್ಬರು ಹೇಳಿದ್ರು. ಅವರಿಗೂ ಯಾರೋ ಹೇಳಿದ್ರು. ನಾನೇನು ಇಟ್ಟಿಗೆ ಮುಟ್ತೀನಾ? ನೋಡು ನನ್ನ ಕೈನ." ಅವರು ಅಂಗೈ ತೋರಿಸಿದರು. ಅಂಗೈ ಎಷ್ಟು ಮೆತ್ತಗೆ, ಎಷ್ಟು ಬೆಳ್ಳಗೆ ಇತ್ತೆಂದರೆ ಇಟ್ಟಿಗೆ ಕೊಯ್ದು ಒರಟಾದ ತನ್ನ ಕೈಯನ್ನು ಅಕ್ಕ ಸೆರಗಿನಲ್ಲಿ ಮುಚ್ಚಿಕೊಂಡಳು. ನೀರು ಕೊಟ್ಟರು. ಬೆಲ್ಲ ಕೊಟ್ಟರು. ಅವಳು ಕುಡಿಯದೆ, ತಿನ್ನದೆ ಎದ್ದು ಬಂದಳು.

ಬೆಳಗಾಯಿತು. ತಮ್ಮ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ತಾನೇ ನಡೆದು ಹೋಗಿ ಮೂರು ಗೋಡೆಗಳ ನಡುವೆ ಕೂತ. ಯಾರೂ ಹಗ್ಗ ಹಾಕಲಿಲ್ಲ, ಯಾರೂ ತೋಳು ಹಿಡಿಯಲಿಲ್ಲ. ಸಾಲು ನಿಂತಿತು. ಪ್ರತಿಯೊಬ್ಬರ ಕೈಯಲ್ಲೂ ನೀರಲ್ಲಿ ನೆನೆದ ಇಟ್ಟಿಗೆ. ಮನೆಯ ಇಟ್ಟಿಗೆ ಹಿಡಿಯಬೇಕಾದ ತಮ್ಮ ಒಳಗಿದ್ದುದರಿಂದ ಅವನ ಮನೆಯ ಇಟ್ಟಿಗೆ ಅಕ್ಕನ ಕೈಗೆ ಬಂದಿತ್ತು. ಅವರ ಮನೆ ಇರುವುದು ಊರ ಹಿಂಭಾಗದಲ್ಲಿ. ಆ ಇಟ್ಟಿಗೆಯ ಜಾಗ ಕೂತವನ ಕಣ್ಣಿನ ಮಟ್ಟಕ್ಕೆ.

ಹೇಳುವವರು ಕೈ ತೊಳೆದರು. ಕೈ ಎತ್ತಿ ತೋರಿಸಿದರು. "ಹೊಣೆ ನನ್ನದು."

ಊರು ಉಸಿರು ಬಿಟ್ಟಿತು.

"ಮುಂದೆ."

ಮೊದಲ ಮನೆಯವನು ಬಾಗಿ, ಮಣ್ಣು ಹರಡಿ, ಇಟ್ಟಿಗೆ ಇಟ್ಟು, ಪಕ್ಕಕ್ಕೆ ಸರಿದ. ಮುಂದೆ. ಇನ್ನೊಬ್ಬ ಬಾಗಿದ. ಮುಂದೆ. ಇನ್ನೊಬ್ಬ. ಒದ್ದೆ ಮಣ್ಣಿನ ಪಚಕ್ಕೆನ್ನುವ ಸದ್ದು, ಒಂದು ಕೆಮ್ಮು, ಮುಂದೆ. ಒಳಗೆ ಕೂತ ತಮ್ಮ, ಮೊಣಕಾಲು ಮಡಚಿಕೊಂಡು, ಇಡುವವರಿಗೆ ಜಾಗ ಮಾಡಿಕೊಟ್ಟ. ಒಬ್ಬ ಮುದುಕಿ ಇಟ್ಟಾಗ, "ಅಜ್ಜಿ, ಒಂಚೂರು ಎಡಕ್ಕೆ. ವಾರೆ ಆಯ್ತು" ಎಂದ. ಅವನ ಕಸುಬೇ ಅದಲ್ಲವೇ, ವಾರೆಯಾದ ಸಾಲನ್ನು ನೋಡಲಾಗಲಿಲ್ಲ ಅವನಿಗೆ. ಅಜ್ಜಿ ಎಡಕ್ಕೆ ಸರಿಸಿ, "ಒಳ್ಳೇದಾಗಲಿ ಮಗನೇ" ಎಂದಳು. ನಡುಬೀದಿಯ ವಿಧವೆ ಆಣೆ ಮಾಡಿದಂತೆ ಒಂದು ಒಳ್ಳೆಯ ಮಾತಾಡಿಯೇ ಇಟ್ಟಳು.

ಗೋಡೆ ತಮ್ಮನ ಸೊಂಟ ಮುಚ್ಚಿತು. ಎದೆ ಮುಚ್ಚಿತು. ಅಕ್ಕ ಸಾಲಿನಲ್ಲಿ ಮುಂದೆ ಮುಂದೆ ಬರುತ್ತಿದ್ದಳು, ಗೋಡೆ ಮೇಲೆ ಮೇಲೆ ಹೋಗುತ್ತಿತ್ತು. ತನ್ನ ಕಾಲು ತನ್ನನ್ನು ಕೇಳದೆ ನಡೆಯುತ್ತಿದೆ ಎಂದು ಅವಳಿಗೆ ತಿಳಿಯಿತು. ಮುಂದಿನವರು ಹೆಜ್ಜೆ ಇಟ್ಟರೆ ಅವಳ ಕಾಲೂ ಇಡುತ್ತಿತ್ತು. ನಿಲ್ಲು ಎಂದು ಕಾಲಿಗೆ ಹೇಳಿದಳು. ನಿಲ್ಲಲಿಲ್ಲ. ಗೋಡೆ ತಮ್ಮನ ಗಲ್ಲ ಮುಟ್ಟಿತು, ತುಟಿ ಮುಚ್ಚಿತು. ಕಣ್ಣು ಮಾತ್ರ ಉಳಿದವು. ಆಗ ಅವಳ ಸರದಿ.

"ಮುಂದೆ."

ಅಕ್ಕ ಗೋಡೆಯ ಕಡೆ ತಿರುಗಲಿಲ್ಲ. ಇಟ್ಟಿಗೆ ಹಿಡಿದುಕೊಂಡು, ಕೂತಿದ್ದ ಹೇಳುವವರ ಕಡೆ ನೇರ ನಡೆದಳು. ಸಾಲು ಗೊಂದಲದಿಂದ ಅತ್ತಿತ್ತ ನೋಡಿತು.

"ಹೊಣೆ ನಿಮ್ಮದು ಅಂದ್ರಲ್ಲ ದೊಡ್ಡೋರೇ. ತಗೊಳ್ಳಿ ಮತ್ತೆ."

"ಮುಂದೆ" ಎಂದರು ಅವರು, ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡು.

"ಇಗೊಳ್ಳಿ, ಹಿಡೀರಿ."

"ಮುಂದೆ ತಾಯಿ. ಮುಂದೆ."

ಅವಳು ಇಟ್ಟಿಗೆಯನ್ನು ಅವರ ಮಡಿಲಲ್ಲಿ ಇಟ್ಟುಬಿಟ್ಟಳು. ಬಿಳಿ ಪಂಚೆಯ ಮೇಲೆ ಕೆಂಪು ನೀರು ಹರಿಯಿತು. ಇಟ್ಟಿಗೆ ಜಾರಿ ಕಾಲ ಮೇಲೆ ಬೀಳುವುದರಲ್ಲಿತ್ತು. ಬೀಳುವುದನ್ನು ಹಿಡಿಯುವುದು ಯಾವ ಕೈಗಾದರೂ ಸಹಜ. ಮುದುಕರ ಎರಡೂ ಕೈಗಳು ಮುಂದೆ ಬಂದು ಅದನ್ನು ಹಿಡಿದವು.

"ಮುಟ್ಟಿಬಿಟ್ರು" ಎಂದಳು ಯಾರೋ ಹೆಂಗಸು, ಬಹಳ ಮೆಲ್ಲಗೆ.

ಮುದುಕರು ತಮ್ಮ ಅಂಗೈ ನೋಡಿಕೊಂಡರು. ಊರಿನವರು ಇಟ್ಟಿಗೆ ಹಿಡಿದು ನಿಂತೇ ಇದ್ದರು. ಮಣ್ಣು ಒಣಗತೊಡಗಿತು. ಇಡುವುದೋ ಬಿಡುವುದೋ ಹೇಳುವವರಿಲ್ಲ. ಆ ಊರಿನಲ್ಲಿ ಅಂಥ ನಿಶ್ಶಬ್ದ ಹಿಂದೆ ಆಗಿರಲಿಲ್ಲ, ಜನರಿಗೆ ಅದನ್ನು ತಡೆಯಲಾಗಲಿಲ್ಲ. ಮುಖಗಳು ಒಂದೊಂದಾಗಿ ಅಕ್ಕನ ಕಡೆ ತಿರುಗಿದವು.

"ಈಗೇನು ಮಾಡೋದು ತಾಯಿ?" ಎಂದು ಮೊದಲ ಮನೆಯವನು ಕೇಳಿದ.

"ಗೋಡೆ ಕೆಡವಿ!"

ಯಾರೂ ಕದಲಲಿಲ್ಲ. "ಹೊಣೆ ಯಾರದು?" ಎಂದ ಅವನು.

ತಮ್ಮನ ಕಣ್ಣು ಗೋಡೆಯ ಮೇಲಿನಿಂದ ಅವಳನ್ನೇ ನೋಡುತ್ತಿದ್ದವು. ಯೋಚಿಸುವ ಹೊತ್ತಲ್ಲ ಅದು. "ನನ್ನದು" ಎಂದಳು ಅಕ್ಕ. "ಹೊಣೆ ನನ್ನದು. ಕೆಡವಿ."

ಊರು ಉಸಿರು ಬಿಟ್ಟಿತು. ಅದೇ ಉಸಿರು. ಆಮೇಲೆ ನೋಡಬೇಕಿತ್ತು ಅವರ ಉತ್ಸಾಹವನ್ನು. ಕಟ್ಟುವಾಗ ಇದ್ದದ್ದಕ್ಕಿಂತ ಹೆಚ್ಚು ಖುಷಿಯಿಂದ ಕೆಡವಿದರು. ತಮ್ಮತಮ್ಮ ಹೆಬ್ಬೆಟ್ಟಿನ ಗುರುತು ಹುಡುಕಿ ತಮ್ಮತಮ್ಮ ಇಟ್ಟಿಗೆಯನ್ನು ತೆಗೆದುಕೊಂಡರು. ವಿಧವೆ ನಕ್ಕಳು. ಮಣ್ಣು ಕೊಡವಿಕೊಂಡು ತಮ್ಮ ಹೊರಗೆ ಬಂದ. ಅಕ್ಕ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಅವನೂ ಅತ್ತ. ಅವನಿಗೆ ಬದುಕುವ ಆಸೆ ಇರಲಿಲ್ಲವೆಂದಲ್ಲ, ಅದನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನನಗೂ ಸಂತೋಷವಾಗುತ್ತಿತ್ತು. ಆದರೆ ಅಕ್ಕ ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಅವಳ ಮುಂದೆ ತಾಮ್ರದ ಬೋಗುಣಿ ಇತ್ತು. ಮೊದಲ ಮನೆಯವನು ಅದನ್ನು ಹಿಡಿದು ನಿಂತಿದ್ದ.

"ಕೈ ತೊಳೀರಿ ದೊಡ್ಡೋರೇ" ಎಂದ.

ಅಕ್ಕ ಅತ್ತ ನೋಡಿದಳು. ಮುದುಕರು ತಾವಾಗಿಯೇ ಎದ್ದು ಹೋಗಿ ಮೂರು ಗೋಡೆಗಳ ನಡುವೆ ಕೂತಿದ್ದರು. ಮುಟ್ಟಿದವರು ಕೂರಬೇಕು ಎಂದು ಅವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಹೊರಗೆ ಸಾಲು ಮತ್ತೆ ನಿಂತಿತ್ತು. ತಮ್ಮನೂ ಮುದುಕರು ಬಿಟ್ಟುಹೋದ ಇಟ್ಟಿಗೆ ಎತ್ತಿಕೊಂಡು ಹೋಗಿ ತನ್ನ ಮನೆಯ ಜಾಗದಲ್ಲಿ ನಿಂತಿದ್ದ. ಆ ಮನೆಯ ಇಟ್ಟಿಗೆಯನ್ನು ಈಗ ಅವನಲ್ಲದೆ ಇನ್ಯಾರು ಹಿಡಿಯಬೇಕು? ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

ಒಂದು ಮಾತು ಸಾಕಾಗಿತ್ತು. ಮನೆಗೆ ಹೋಗಿ ಎಂದಿದ್ದರೆ ಹೋಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಆದರೆ ಹೊಣೆ ನನ್ನದು ಎಂದಾಗ ಊರು ಬಿಟ್ಟ ಉಸಿರು ಅವಳ ಎದೆಗೆ ಬಡಿದಿತ್ತು, ಹಿತವಾಗಿಯೇ ಬಡಿದಿತ್ತು. ಆ ಹಿತವೇ ಅವಳನ್ನು ಹೆದರಿಸಿತು. ಇವತ್ತು ಹೋಗಿ ಎಂದರೆ ನಾಳೆ ಏನು ಮಾಡಲಿ ಎಂದು ಬಾಗಿಲಿಗೆ ಬರುತ್ತಾರೆ. ನಾಡಿದ್ದೂ ಬರುತ್ತಾರೆ. ಒಂದು ದಿನ ನಾನೂ ಈ ಮುದುಕನ ಹಾಗೆ ಬಿಳಿ ಕೈ ತೋರಿಸುತ್ತಾ ಜಗಲಿಯ ಮೇಲೆ ಕೂತಿರುತ್ತೇನೆ. ಅವಳು ಬೋಗುಣಿಯನ್ನು ತಟ್ಟಿ ಕೆಳಗೆ ಬೀಳಿಸಿದಳು. ನೀರು ಮಣ್ಣಲ್ಲಿ ಇಂಗಿತು.

"ನಾನು ಹೇಳುವವಳಲ್ಲ" ಎಂದು ಕೂಗಿದಳು. "ನಿಮ್ಮ ಕೈ ನಿಮ್ಮದು, ನಿಮ್ಮ ಇಟ್ಟಿಗೆ ನಿಮ್ಮದು. ನಿಮಗೇನು ತೋಚುತ್ತೋ ಅದನ್ನ ಮಾಡಿ."

ಎಂಥ ಒಳ್ಳೆಯ ಮಾತು! ಯಾವ ಊರಿನಲ್ಲಾದರೂ ಆಡಬೇಕಾದ ಮಾತು. ಪಾಪ, ಅವರಿಗೆ ಏನೂ ತೋಚಲಿಲ್ಲ. ಮನೆಗೆ ಹೋಗಲಿಲ್ಲ, ಇಟ್ಟಿಗೆ ಕೆಳಗಿಡಲಿಲ್ಲ, ಸುಮ್ಮನೆ ನಿಂತರು. ಬಿಸಿಲು ನೆತ್ತಿಗೆ ಬಂತು. ಇಟ್ಟಿಗೆ ಹಿಡಿದ ತೋಳುಗಳು ನಡುಗತೊಡಗಿದವು. ಮಗುವೊಂದು ಅತ್ತು ತಾನೇ ಸುಮ್ಮನಾಯಿತು. ಅವರಿಗೆ ಒಂದಿಷ್ಟು ಹೊತ್ತು ಬೇಕಿತ್ತು, ಅಷ್ಟೇ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಯಾರಾದರೂ ಒಬ್ಬರು ಕೈ ಸೋತಾದರೂ ಇಟ್ಟಿಗೆ ಕೆಳಗಿಡುತ್ತಿದ್ದರು.

ಆ ಮೌನ ಯಾರಿಗಿಂತಲೂ ಹೆಚ್ಚು ಕಷ್ಟವಾದದ್ದು ಒಳಗೆ ಕೂತ ಮುದುಕರಿಗೆ. ಅವರು ಬೆವರಿದರು. ಬೆರಳು ಹಿಸುಕಿಕೊಂಡರು. ಸಾಲು ಹೀಗೆ ನಿಂತೇ ಇರುವುದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಕೊನೆಗೆ ಒಮ್ಮೆ ಕೆಮ್ಮಿದರು.

"ಮುಂದೆ" ಎಂದರು.

ಮೊದಲ ಮನೆಯವನ ಮುಖ ಅರಳಿತು. ಅವನು ಬಾಗಿ ಇಟ್ಟಿಗೆ ಇಟ್ಟ.

"ನಿಲ್ಲಿಸಿ!" ಎಂದು ಅಕ್ಕ ಓಡಿಬಂದಳು. "ಅವರು ಮುಟ್ಟಿದಾರೆ, ಅವರೀಗ ಹೇಳುವವರಲ್ಲ. ಇಡಬೇಡಿ!"

"ನೀವೂ ಹೇಳುವವರಲ್ಲ ಅಂತ ನೀವೇ ಅಂದ್ರಲ್ಲ ತಾಯಿ" ಎಂದ ಅವನು, ತುಂಬ ಮರ್ಯಾದೆಯಿಂದ. "ಯಾರಾದ್ರೂ ಒಬ್ಬರು ಹೇಳಬೇಕಲ್ಲ."

"ಮುಂದೆ."

ಎರಡನೆಯವನು ಇಟ್ಟ. ಅಕ್ಕ ಇಟ್ಟಿಗೆಯನ್ನು ಕಿತ್ತೆಸೆದಳು, ಅವನು ಹೋಗಿ ಹೆಕ್ಕಿಕೊಂಡು ಬಂದು ಮತ್ತೆ ಇಟ್ಟ, ಸಿಟ್ಟಿಲ್ಲದೆ. ಅವಳು ಒಂದು ಕಿತ್ತರೆ ಎರಡು ಬರುತ್ತಿದ್ದವು. ಅವಳು ಗೋಡೆ ದಾಟಿ ಒಳಗೆ ಹೋಗಿ ಮುದುಕರ ತೋಳು ಹಿಡಿದೆಳೆದಳು.

"ಏಳಿ. ಸಾಯ್ತೀರಿ. ನಿಮ್ಮನ್ನ ನೀವೇ ಕೊಂದ್ಕೋತಿದೀರಿ. ಸುಮ್ಮನಿರಿ!"

"ಹೇಗೆ ಸುಮ್ಮನಿರಲಿ ತಾಯಿ?" ಮುದುಕರ ಕಣ್ಣಲ್ಲಿ ನೀರಿತ್ತು. "ನೋಡು, ಅವರು ಕಾಯ್ತಾ ಇದಾರೆ. ಮುಂದೆ."

ಅವಳು ಅಂಗೈಯಿಂದ ಅವರ ಬಾಯಿ ಮುಚ್ಚಿದಳು, ಬಲವಾಗಿ. ಅವರು ಒದ್ದಾಡಲಿಲ್ಲ. ಹೊರಗೆ ಒಂದು ಕ್ಷಣ ಎಲ್ಲವೂ ನಿಂತಿತು. ಗೆದ್ದೆ ಎಂದುಕೊಂಡಳು ಅಕ್ಕ. ಅಷ್ಟರಲ್ಲಿ ಇಟ್ಟು ಮುಗಿಸಿದವನು ತನ್ನ ಹಿಂದಿನವಳ ಭುಜ ಮುಟ್ಟಿದ. ಅವಳು ಬಂದು ಇಟ್ಟಳು, ತನ್ನ ಹಿಂದಿನವನ ಭುಜ ಮುಟ್ಟಿದಳು. ಅವನು ಇಟ್ಟ. ಸಾಲಿಗೆ ಈಗ ಮಾತು ಬೇಕಿರಲಿಲ್ಲ.

ಅಕ್ಕ ಈಗಲೂ ದಾಟಿ ಬರಬಹುದಿತ್ತು, ಗೋಡೆ ಇನ್ನೂ ಸೊಂಟಮಟ್ಟದಲ್ಲಿತ್ತು. ಬರಲಿಲ್ಲ. ಮುದುಕರ ಬಾಯಿಯಿಂದ ಕೈ ತೆಗೆದು ಅವರ ಪಕ್ಕದಲ್ಲೇ ಕೂತಳು. ತಮ್ಮ ಸಾಲಿನಲ್ಲಿದ್ದ. ಅವನ ಸರದಿ ಬರುತ್ತದೆ. ಒಳಗೆ ನಾನು ಕೂತಿರುವಾಗ ಅವನು ಇಡಲಾರ. ಅವನೊಬ್ಬ ಇಡಲಿಲ್ಲವೆಂದರೆ ಹಿಂದಿನವರ ಕೈಯೂ ಅಲ್ಲಿಗೆ ನಿಲ್ಲುತ್ತದೆ. ಮೂರು ಗೋಡೆಗಳ ನಡುವೆ ಕೂತು ಅವಳು ನಂಬಿದ್ದು ಅದೊಂದನ್ನೇ, ತಾನು ಸೊಂಟದಲ್ಲಿ ಹೊತ್ತು ಸಾಕಿದವನನ್ನು. ಮಣ್ಣು ಬಿತ್ತು, ಇಟ್ಟಿಗೆ ಬಿತ್ತು. ಬೆಳಕು ಕಡಿಮೆಯಾಗುತ್ತಾ ಬಂತು. ವಿಧವೆ ಬಂದು, ಅಳುತ್ತಾ, ಒಂದು ಒಳ್ಳೆಯ ಮಾತಾಡಿ ಇಟ್ಟುಹೋದಳು. ಗೋಡೆ ಅಕ್ಕನ ಗಲ್ಲ ಮುಟ್ಟಿತು. ತುಟಿ ಮುಚ್ಚಿತು.

ಆಗ ತಮ್ಮನ ಮುಖ ಕಾಣಿಸಿತು. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಬೆವರಿಗೆ ಕರಗಿ ಹರಿದಿತ್ತು. ಕೈಯಲ್ಲಿ ಅವರ ಮನೆಯ ಇಟ್ಟಿಗೆ. ಅವನು ಅಕ್ಕನ ಕಣ್ಣನ್ನು ನೋಡಿದ.

"ಅಕ್ಕಾ, ಏನ್ ಮಾಡ್ಲಿ?" ಎಂದ.

ಹೇಳಬೇಕೆಂದು ಅವಳ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಹೇಳದೆಯೂ ಅವನು ತಿಳಿಯಬೇಕು, ಇದೊಂದನ್ನಾದರೂ ತಾನೇ ತಿಳಿಯಬೇಕು.

ಅವನು ಕಾದ. ಒಮ್ಮೆ ಹಿಂದೆ ತಿರುಗಿ ಸಾಲನ್ನು ನೋಡಿದ. ಆಮೇಲೆ ಮಣ್ಣು ಹರಡಿದ, ಕಸುಬುದಾರನ ಕೈಯಲ್ಲವೇ, ಸಮನಾಗಿ ಹರಡಿದ. ಇಟ್ಟಿಗೆಯನ್ನು ಅದರ ಜಾಗಕ್ಕೆ ತಂದ. ಅಕ್ಕ ಕೈ ಹೊರಗೆ ಚಾಚಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನ ನಾಡಿ ಅವಳ ಬೆರಳಿನಡಿ ಹೊಡೆದುಕೊಳ್ಳುತ್ತಿತ್ತು. ತಮ್ಮ ಅಳುತ್ತಿದ್ದ. ಅಳುತ್ತಲೇ, ಅವಳಿಗೆ ನೋವಾಗದ ಹಾಗೆ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

"ಬಿಡಕ್ಕಾ" ಎಂದ. "ಹಿಂದೆ ಜನ ಕಾಯ್ತಿದಾರೆ."